ಸ್ಕ್ಯಾನ್ ನಾರ್ಮಲ್ ಇದೆ, ಆದರೂ ಆಟ ಬಿಡಬೇಕೇ?

ಈ ಸಲ ಮೊಣಕಾಲು, ಹಿಮ್ಮಡಿಗಳ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ. ತಲೆಗೆ ಬಿದ್ದ ಪೆಟ್ಟು, ಅದರಿಂದ ಅರ್ಧದಲ್ಲೇ ನಿಲ್ಲುವ ಆಟದ ಬದುಕು ಎಂಬ ಒಂದೇ ವಿಷಯದ ಬಗ್ಗೆ ಐದು ಪತ್ರಗಳು ಬಂದಿವೆ. ಪೆಟ್ಟಿನಿಂದ ಮಿದುಳು ಕುಲುಕಿ ಅದರ ಕೆಲಸ ಏರುಪೇರಾಗುವುದಕ್ಕೆ ವೈದ್ಯರು ಕನ್ಕಷನ್ ಎನ್ನುತ್ತಾರೆ. ಕ್ರಿಕೆಟ್ ನೋಡುವವರಿಗೆ ಈ ಪದ ಈಗ ಪರಿಚಿತ.

ಪ್ರಶ್ನೆ: ನನ್ನ ತಮ್ಮನಿಗೆ 23 ವರ್ಷ, ಕಬಡ್ಡಿಯಲ್ಲಿ ಕವರ್ (ರೈಡರ್‌ನನ್ನು ತಡೆಯುವ ಜಾಗ) ಆಡುತ್ತಾನೆ. ಹೊನಲು ಬೆಳಕಿನ ಪಂದ್ಯಾವಳಿ ಎಂದರೆ ಅವನಿಗೆ ಊಟ ನಿದ್ದೆ ಬೇಡ. ಎರಡು ವರ್ಷದಲ್ಲಿ ಮೂರು ಸಲ ಪೆಟ್ಟಾಗಿದೆ. ಮೊದಲ ಸಲ ರೈಡರ್‌ನ ಮಂಡಿ ಕಪಾಳಕ್ಕೆ ಬಡಿದು ಎರಡು ದಿನ ತಲೆನೋವು. ಎರಡನೆಯ ಸಲ ಎರಡು ವಾರ. ಈಗ ಐದು ವಾರದ ಹಿಂದೆ ತಾಗಿದ್ದು ಬರೀ ಭುಜಕ್ಕೆ ಭುಜ. ಇನ್ನೂ ಟಿವಿ ನೋಡಿದರೆ ವಾಕರಿಕೆ, ಬೈಕ್ ಹಿಂದೆ ಕೂತರೆ ತಲೆಸುತ್ತು. ಎರಡು ಸಲ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು, ನಾರ್ಮಲ್. ‘ಸ್ಕ್ಯಾನೇ ನಾರ್ಮಲ್ ಅಂದ ಮೇಲೆ ಭಯ ಏಕೆ’ ಎನ್ನುತ್ತಾರೆ ಕೋಚ್. ಕ್ರೀಡಾ ಕೋಟಾದಲ್ಲಿ ಕೆಲಸದ ಆಸೆಯೂ ಇದೆ. ಆಟ ಬಿಡಿಸಬೇಕೇ? — ಸುಳ್ಯದಿಂದ ಒಬ್ಬ ಅಣ್ಣ

ನೀವು ಕೇಳಿದ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಎರಡು ದಿನ, ಎರಡು ವಾರ, ಐದು ವಾರ. ಪೆಟ್ಟು ಸಣ್ಣದಾಗುತ್ತಾ ಬಂದಿದೆ, ನರಳಾಟ ಉದ್ದವಾಗುತ್ತಾ ಹೋಗಿದೆ. ‘ಎಷ್ಟು ಸಲ ಪೆಟ್ಟಾದರೆ ಆಟ ಬಿಡಬೇಕು’ ಎಂದು ಎಲ್ಲರೂ ಒಂದು ಸಂಖ್ಯೆ ಕೇಳುತ್ತಾರೆ. ಅಂಥ ಸಂಖ್ಯೆ ಇಲ್ಲ. ನಾವು ನೋಡುವುದು ನೀವು ಬರೆದ ಈ ಲೆಕ್ಕವನ್ನೇ.

ಇನ್ನು ಸ್ಕ್ಯಾನಿನ ಮಾತು. ಮಿದುಳು ಗಟ್ಟಿ ವಸ್ತುವಲ್ಲ, ಹೆಚ್ಚುಕಡಿಮೆ ಗಿಣ್ಣಿನಷ್ಟು ಮೆತ್ತಗೆ. ಡಬ್ಬಿಯಲ್ಲಿ ಗಿಣ್ಣು ಇಟ್ಟು ಜೋರಾಗಿ ಕುಲುಕಿ ನೋಡಿ. ಡಬ್ಬಿಗೆ ಏನೂ ಆಗುವುದಿಲ್ಲ. ತಲೆ ರಪ್ಪನೆ ತಿರುಗಿದಾಗ ಒಳಗಿನ ನರತಂತುಗಳು ಜಗ್ಗುತ್ತವೆ. ಜೀವಕೋಶದ ಒಳಗಿರಬೇಕಾದ ಪೊಟ್ಯಾಸಿಯಂ ಹೊರಗೆ, ಹೊರಗಿರಬೇಕಾದ ಕ್ಯಾಲ್ಸಿಯಂ ಒಳಗೆ. ಅದನ್ನೆಲ್ಲ ಸರಿಪಡಿಸಲು ಕೋಶಕ್ಕೆ ವಿಪರೀತ ಶಕ್ತಿ ಬೇಕು. ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಸಿ.ಟಿ. ಸ್ಕ್ಯಾನ್ ಇದ್ಯಾವುದನ್ನೂ ನೋಡುವುದಿಲ್ಲ. ಅದು ಹುಡುಕುವುದು ರಕ್ತಸ್ರಾವ ಮತ್ತು ಬುರುಡೆಯ ಬಿರುಕನ್ನು. ಮನೆಯಲ್ಲಿ ಕರೆಂಟ್ ಹೋಗಿದೆ ಎಂದರೆ ಗೋಡೆಯ ಫೋಟೊ ತೆಗೆದು ‘ಬಿರುಕಿಲ್ಲ’ ಎಂದ ಹಾಗೆ. ಆ ಫೋಟೊ ಬೇಡವೆಂದಲ್ಲ, ಪ್ರಾಣಾಪಾಯ ಇಲ್ಲವೆಂದು ತಿಳಿಯಲು ಬೇಕು. ಆದರೆ ಅದು ಆಡಲು ಕೊಟ್ಟ ಪರವಾನಗಿಯಲ್ಲ. ನನ್ನ ಅನುಭವದಲ್ಲಿ ‘ನಾರ್ಮಲ್’ ಎಂಬ ಆ ಒಂದು ಪದದಷ್ಟು ಆಟಗಾರರ ದಾರಿ ತಪ್ಪಿಸಿದ್ದು ಬೇರೊಂದಿಲ್ಲ.

ಪೆಟ್ಟು ತಲೆಗೇ ಬೀಳಬೇಕೆಂದೂ ಇಲ್ಲ. ಭುಜಕ್ಕೆ ಬಿದ್ದ ಡ್ಯಾಶ್ ಕತ್ತನ್ನು ಚಾವಟಿಯಂತೆ ಬೀಸಿದರೂ ಮಿದುಳು ಕುಲುಕುತ್ತದೆ.

ಹೀಗೆ ನಿಂತುಹೋದವರಲ್ಲಿ ದೊಡ್ಡ ಆಟಗಾರರೇ ಇದ್ದಾರೆ. ಸಿಡ್ನಿ ರೂಸ್ಟರ್ಸ್ ತಂಡದ ನಾಯಕನಾಗಿದ್ದ ರಗ್ಬಿ ಲೀಗ್ ಆಟಗಾರ ಬಾಯ್ಡ್ ಕಾರ್ಡ್ನರ್ 2020ರ ನವೆಂಬರ್‌ನಲ್ಲಿ ತಲೆಗೆ ಪೆಟ್ಟು ತಿಂದ ಮೇಲೆ ಕಣಕ್ಕಿಳಿಯಲಾಗದೆ 2021ರ ಜೂನ್‌ನಲ್ಲಿ, 29ನೇ ವಯಸ್ಸಿಗೆ ವಿದಾಯ ಹೇಳಿದರು. ದಕ್ಷಿಣ ಆಫ್ರಿಕಾ ರಗ್ಬಿ ತಂಡದ ಪ್ಯಾಟ್ ಲ್ಯಾಂಬಿ 2019ರಲ್ಲಿ ಆಟ ಬಿಟ್ಟಾಗ 28. ಇವರಿಬ್ಬರಿಗೂ ಸುತ್ತ ಒಳ್ಳೆಯ ವೈದ್ಯರ ಪಡೆಯೇ ಇತ್ತು ಎಂಬುದನ್ನು ಕೋಚ್‌ಗೆ ನೆನಪಿಸಿ.

ಈಗ ಮಾಡಬೇಕಾದ್ದು: ಈ ಋತುವಿನ ಆಟ ಮುಗಿಯಿತು ಎಂದುಕೊಳ್ಳಿ. ಕತ್ತಲ ಕೋಣೆಯಲ್ಲಿ ಮಲಗಿಸಬೇಡಿ, ಅದು ಹಳೆಯ ಪದ್ಧತಿ. ಮೊದಲ ಒಂದೆರಡು ದಿನದ ನಂತರ ಹಗುರವಾದ ನಡಿಗೆಯೇ ಮದ್ದು. ಐದು ವಾರವಾದ್ದರಿಂದ ನರರೋಗ ತಜ್ಞರನ್ನೂ, ಸಮತೋಲನ ಮತ್ತು ಕತ್ತಿನ ವ್ಯಾಯಾಮ ಬಲ್ಲ ಫಿಸಿಯೊಥೆರಪಿಸ್ಟರನ್ನೂ ಕಾಣಿ. ಬೈಕ್ ಮೇಲಿನ ಆ ತಲೆಸುತ್ತು ಬಹುತೇಕ ವ್ಯಾಯಾಮದಿಂದಲೇ ಇಳಿಯುತ್ತದೆ. ಪೂರ್ತಿ ಗುಣವಾದ ಮೇಲೆ ಮತ್ತೆ ಕವರ್ ಜಾಗದಲ್ಲಿ ನಿಲ್ಲಬಹುದೇ ಎಂದು ನೀವು ಎದುರಿಗೆ ಕೂತು ಕೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ. ಕ್ರೀಡಾ ಕೋಟಾಕ್ಕೆ ಈವರೆಗೆ ಗೆದ್ದ ಪ್ರಮಾಣಪತ್ರಗಳು ಸಾಕಾಗುತ್ತವೆಯೇ ಎಂದು ವಿಚಾರಿಸಿ ನೋಡಿ. ಮ್ಯಾಟ್ ಬಿಡಲಾಗದಿದ್ದರೆ ತರಬೇತಿಯ ಡಿಪ್ಲೊಮಾ ಇದೆ, ಅಂಪೈರಿಂಗ್ ಇದೆ. ತಮ್ಮನಿಗೆ ಈ ಮಾತು ಈಗ ರುಚಿಸುವುದಿಲ್ಲ, ನನಗೆ ಗೊತ್ತು.

ಪ್ರಶ್ನೆ: ನಾವು ಹಾಸನದ ಕಡೆಯವರು, ಹತ್ತು ವರ್ಷದಿಂದ ಮೆಲ್ಬರ್ನ್‌ನಲ್ಲಿದ್ದೇವೆ. 12 ವರ್ಷದ ಮಗ ಶಾಲೆಯಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡುತ್ತಾನೆ. ಹೋದ ತಿಂಗಳು ಮೊದಲ ಸಲ ಕನ್ಕಷನ್ ಆಗಿ ಹತ್ತು ದಿನದಲ್ಲಿ ಗುಣವಾದ. ಕ್ರಿಕೆಟಿಗ ಪುಕೊವ್‌ಸ್ಕಿ ಆಟ ಬಿಟ್ಟ ಕಥೆ ಕೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ನಮ್ಮ ಯಜಮಾನರು ‘ಇಲ್ಲಿಯ ಮಕ್ಕಳೊಡನೆ ಬೆರೆಯುವುದೇ ಆಟದಿಂದ, ಬಿಡಿಸಬೇಡ’ ಎನ್ನುತ್ತಾರೆ. ಯಾರ ಮಾತು ಸರಿ?

ತಾಯಿ, ಈ ಬಾರಿ ಯಜಮಾನರ ಕಡೆಗೇ ನನ್ನ ಮತ. ಆದರೆ ಪುಕೊವ್‌ಸ್ಕಿಯ ಕಥೆಯನ್ನು ಪೂರ್ತಿ ಕೇಳಿ.

2021ರ ಜನವರಿಯ ಸಿಡ್ನಿ ಟೆಸ್ಟ್ ನಮ್ಮವರಿಗೆ ನೆನಪಿರುವುದು ವಿಹಾರಿ–ಅಶ್ವಿನ್ ಕುಟುಕಿ ಕುಟುಕಿ ಉಳಿಸಿಕೊಂಡ ಡ್ರಾದಿಂದ. ಅದೇ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ ಪರ ಪದಾರ್ಪಣೆ ಮಾಡಿ 62 ರನ್ ಹೊಡೆದ ಹುಡುಗ ವಿಲ್ ಪುಕೊವ್‌ಸ್ಕಿ. ಅಸಲಿಗೆ ಅದಕ್ಕೂ ಮೊದಲೇ ಆಡಬೇಕಿತ್ತು; ಡಿಸೆಂಬರ್‌ನ ಅಭ್ಯಾಸ ಪಂದ್ಯದಲ್ಲಿ ನಮ್ಮ ಕಾರ್ತಿಕ್ ತ್ಯಾಗಿಯ ಬೌನ್ಸರ್ ಹೆಲ್ಮೆಟ್‌ಗೆ ಬಡಿದು ಹೊರಗುಳಿದಿದ್ದರು. ಅವರ ತೊಂದರೆ ಶುರುವಾದದ್ದು ಕ್ರಿಕೆಟ್‌ನಿಂದಲ್ಲ, ಶಾಲೆಯಲ್ಲಿ ನಿಮ್ಮ ಮಗ ಆಡುವ ಅದೇ ಫುಟ್‌ಬಾಲ್‌ನಲ್ಲಿ ತಲೆಗೆ ಬಿದ್ದ ಮಂಡಿಯ ಪೆಟ್ಟಿನಿಂದ. ಆಮೇಲೆ ಒಂದರ ಹಿಂದೆ ಒಂದು, ಹತ್ತಕ್ಕೂ ಹೆಚ್ಚು. 2024ರ ಮಾರ್ಚ್‌ನಲ್ಲಿ ಹೋಬಾರ್ಟ್‌ನ ಶೆಫೀಲ್ಡ್ ಶೀಲ್ಡ್ ಪಂದ್ಯದಲ್ಲಿ ರೈಲಿ ಮೆರಿಡಿತ್ ಎಸೆತ ತಲೆಗೆ ಬಡಿದು ಮಂಡಿಯೂರಿದವರು ಮತ್ತೆ ಅಂಥ ಪಂದ್ಯ ಆಡಲಿಲ್ಲ. 2025ರ ಏಪ್ರಿಲ್‌ನಲ್ಲಿ, 27ನೇ ವಯಸ್ಸಿಗೆ ವಿದಾಯ ಹೇಳುವಾಗ ಅವರು ಹೇಳಿಕೊಂಡದ್ದು ಗಮನಿಸಿ: ಬಳಲಿಕೆ, ತಲೆನೋವು, ಎಡಗಡೆಯಲ್ಲಿ ಏನಾದರೂ ಅಲುಗಾಡಿದರೆ ತಲೆಸುತ್ತು. ಚೆಂಡು ಬಿದ್ದು ವರ್ಷ ದಾಟಿತ್ತು. ಆಡಿದ್ದು ಒಂದೇ ಟೆಸ್ಟ್.

ನಿಮ್ಮ ಮಗನ ಸ್ಥಿತಿ ಇದಲ್ಲ. ಒಂದು ಕನ್ಕಷನ್, ಹತ್ತು ದಿನದಲ್ಲಿ ವಾಸಿ. ಮಕ್ಕಳಿಗೆ ನಾಲ್ಕು ವಾರ ಹಿಡಿದರೂ ನಾವು ಗಾಬರಿಯಾಗುವುದಿಲ್ಲ. ಒಂದೇ ಪೆಟ್ಟಿಗೆ ಆಟ ಬಿಡಿಸಿದರೆ ಮುಂದಿನ ಪೆಟ್ಟನ್ನು ಅವನು ನಿಮ್ಮಿಂದ ಮುಚ್ಚಿಡುತ್ತಾನೆ, ಅಷ್ಟೇ. ನೀವಿರುವ ಕಡೆ ನಿಯಮ ಚೆನ್ನಾಗಿದೆ: ಮಕ್ಕಳ ಮತ್ತು ಸ್ಥಳೀಯ ಮಟ್ಟದ ಆಟದಲ್ಲಿ ಪೆಟ್ಟಾದ ದಿನದಿಂದ ಕನಿಷ್ಠ 21 ದಿನ ಪಂದ್ಯವಿಲ್ಲ, ಮೈಗೆ ಮೈ ತಾಗುವ ಅಭ್ಯಾಸಕ್ಕೆ ಮುನ್ನ 14 ದಿನ ಯಾವ ಲಕ್ಷಣವೂ ಇರಬಾರದು. ಮೊದಲು ಪೂರ್ತಿ ಹೊತ್ತು ಪಾಠ ಕೇಳಲು ಆಗಬೇಕು, ಆಟ ಆಮೇಲೆ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಹೇಗೆ ಪೆಟ್ಟಾಯಿತು, ಎಷ್ಟು ದಿನಕ್ಕೆ ಗುಣವಾಯಿತು ಎಂದು ಬರೆದಿಡಿ. ಮುಂದೆ ಎಂದಾದರೂ ನಿರ್ಧಾರ ಮಾಡಬೇಕಾಗಿ ಬಂದರೆ ಆ ಪುಟವೇ ಯಾವ ಸ್ಕ್ಯಾನಿಗಿಂತಲೂ ಹೆಚ್ಚು ಹೇಳುತ್ತದೆ.

ಬಿಡುವುದೇ ಆದರೆ, ಪೆಟ್ಟು ಪೇರಿಸಿಕೊಳ್ಳುವ ಮೊದಲೇ ಲೆಕ್ಕ ಹಾಕಿ ಬಿಟ್ಟವರೂ ಇದ್ದಾರೆ. ಅಮೆರಿಕನ್ ಫುಟ್‌ಬಾಲ್‌ನ ಕ್ರಿಸ್ ಬೋರ್ಲಂಡ್ ವೃತ್ತಿಪರ ಲೀಗ್‌ನಲ್ಲಿ ಒಂದೇ ಋತು ಆಡಿ, 2015ರ ಮಾರ್ಚ್‌ನಲ್ಲಿ 24ನೇ ವಯಸ್ಸಿಗೆ ಸಾಕು ಎಂದರು. ಮುಂಗಡದ ಹಣದ ಬಹುಪಾಲನ್ನು ತಂಡಕ್ಕೆ ವಾಪಸು ಕೊಟ್ಟರು. ಆಗ ನಕ್ಕವರು ಬಹಳ ಜನ.

ಪ್ರಶ್ನೆ: ಒಳ್ಳೆಯ ಹೆಲ್ಮೆಟ್ ಹಾಕಿದರೆ ಸಾಲದೇ? — ಒಬ್ಬ ಓದುಗ, ದಾವಣಗೆರೆ

ಸಾಲದು. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ಒಳಗಿನ ಗಿಣ್ಣು ಕುಲುಕುವುದನ್ನಲ್ಲ. ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಮೆಲ್ಬರ್ನ್ ತಂಡದ ಆ್ಯಂಗಸ್ ಬ್ರೇಶಾ ವರ್ಷಗಟ್ಟಲೆ ಮೆತ್ತನೆಯ ಹೆಲ್ಮೆಟ್ ಧರಿಸಿಯೇ ಆಡಿದವರು. 2023ರ ಸೆಪ್ಟೆಂಬರ್‌ನಲ್ಲಿ ಬಿದ್ದ ಒಂದು ಡಿಕ್ಕಿ. ನಂತರದ ವಿಶೇಷ ತಪಾಸಣೆಯಲ್ಲಿ ಮಿದುಳಿನಲ್ಲಿ ಸೂಕ್ಷ್ಮ ಬದಲಾವಣೆ ಕಂಡಿತು. 2024ರ ಫೆಬ್ರುವರಿಯಲ್ಲಿ 28ಕ್ಕೇ ನಿವೃತ್ತಿ. ಹಾಗೆಂದು ಬೈಕ್ ಹೆಲ್ಮೆಟ್ ತೆಗೆದಿಟ್ಟೀರಿ, ಜೋಕೆ. ಅದರ ಲೆಕ್ಕವೇ ಬೇರೆ.

ಪ್ರಶ್ನೆ: ನನಗೆ 41. ಇಪ್ಪತ್ತೆಂಟರವರೆಗೆ ಬಾಕ್ಸಿಂಗ್ ಮಾಡಿದ್ದೆ, ತಲೆಸುತ್ತು ನಿಲ್ಲದೆ ಬಿಟ್ಟೆ. ಈಗ ಸಿಟ್ಟು ಜಾಸ್ತಿ, ಹೆಸರುಗಳು ಮರೆಯುತ್ತವೆ. ಸಿ.ಟಿ.ಇ. ಎಂಬ ಕಾಯಿಲೆಯ ಬಗ್ಗೆ ಓದಿ ಹೆದರಿದ್ದೇನೆ. ಪರೀಕ್ಷೆ ಎಲ್ಲಿ ಮಾಡುತ್ತಾರೆ? — ಬೆಳಗಾವಿ

ಎಲ್ಲಿಯೂ ಮಾಡುವುದಿಲ್ಲ. ಸಿ.ಟಿ.ಇ. ಎಂದರೆ ತಲೆಗೆ ಪದೇ ಪದೇ ಪೆಟ್ಟು ತಿಂದವರಲ್ಲಿ ವರ್ಷಗಳ ನಂತರ ಕಾಣುವ ಮಿದುಳಿನ ಕಾಯಿಲೆ, ಸಿ.ಟಿ. ಸ್ಕ್ಯಾನಿಗೂ ಈ ಹೆಸರಿಗೂ ಸಂಬಂಧವಿಲ್ಲ. ಬದುಕಿರುವವರಲ್ಲಿ ಸಿ.ಟಿ.ಇ. ಇದೆಯೆಂದು ಖಚಿತವಾಗಿ ಹೇಳುವ ಪರೀಕ್ಷೆ ಇಂದಿಗೂ ಇಲ್ಲ. ಸತ್ತ ಮೇಲೆ ಮಿದುಳನ್ನು ತೆಳುವಾಗಿ ಸೀಳಿ, ಟೌ ಎಂಬ ಪ್ರೊಟೀನ್ ರಕ್ತನಾಳಗಳ ಸುತ್ತ ಗಂಟುಕಟ್ಟಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತಿಳಿಯಬೇಕು. ಇಂತಿಷ್ಟು ಹಣ ಕೊಡಿ, ಸ್ಕ್ಯಾನ್ ಮಾಡಿ ಹೇಳುತ್ತೇವೆ ಎಂದು ಯಾರಾದರೂ ಅಂದರೆ ಹಣ ಉಳಿಸಿಕೊಳ್ಳಿ.

ಇದು ಮೊದಲು ಕಂಡದ್ದು ನಿಮ್ಮ ಆಟದಲ್ಲೇ. 1928ರಲ್ಲಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯ, ಗುದ್ದು ತಿಂದು ತಿಂದು ಕುಡಿದವರಂತೆ ತೂರಾಡುವ ಬಾಕ್ಸರ್‌ಗಳ ಬಗ್ಗೆ ಬರೆದರು. ಅಮೆರಿಕನ್ ಫುಟ್‌ಬಾಲ್‌ಗೆ ಅದು ತಿಳಿದದ್ದು ಮುಕ್ಕಾಲು ಶತಮಾನದ ನಂತರ, ಪಿಟ್ಸ್‌ಬರ್ಗ್‌ನಲ್ಲಿ ವೈದ್ಯ ಬೆನೆಟ್ ಒಮಾಲು, 2002ರಲ್ಲಿ ತೀರಿಕೊಂಡ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳನ್ನು ಪರೀಕ್ಷಿಸಿದಾಗ. ಇಂಗ್ಲೆಂಡಿನ ರಗ್ಬಿ ಆಟಗಾರ ಸ್ಟೀವ್ ಥಾಂಪ್ಸನ್ 2003ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಮರೆಗುಳಿತನ ಪತ್ತೆಯಾದಾಗ ನಲವತ್ತೆರಡರ ಆಸುಪಾಸು, ಆ ಗೆಲುವೇ ನೆನಪಿಲ್ಲ ಎಂದಿದ್ದಾರೆ.

ಇಷ್ಟು ಓದಿದರೆ ಯಾರಿಗೂ ಹೆದರಿಕೆಯೇ. ಆದರೆ ಇನ್ನೊಂದು ಮಗ್ಗುಲೂ ಇದೆ. 2017ರಲ್ಲಿ ಬಾಸ್ಟನ್‌ನ ಸಂಶೋಧಕರು ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್‌ನ 111 ಆಟಗಾರರ ಮಿದುಳಿನಲ್ಲಿ 110ರಲ್ಲಿ ಸಿ.ಟಿ.ಇ. ಕಂಡರು. ಎಲ್ಲ ಕಡೆ ಸುದ್ದಿಯಾಯಿತು. ಆ ಮಿದುಳುಗಳನ್ನು ದಾನ ಕೊಟ್ಟದ್ದು ಬಹುಪಾಲು ‘ಏನೋ ಸರಿಯಿಲ್ಲ’ ಎಂದು ಮೊದಲೇ ಅನುಮಾನವಿದ್ದ ಕುಟುಂಬಗಳು. ಆಡಿದವರಿಗೆಲ್ಲ ಬರುತ್ತದೆ ಎಂಬ ಅರ್ಥ ಅದಕ್ಕಿಲ್ಲ.

ನಲವತ್ತೊಂದರಲ್ಲಿ ಸಿಟ್ಟು, ಮರೆವು ಬರಲು ಬೇರೆ ಹತ್ತು ಕಾರಣಗಳಿವೆ, ಹೆಚ್ಚಿನವು ಗುಣವಾಗುವಂಥವು. ಬಿ12, ಥೈರಾಯ್ಡ್, ರಕ್ತದೊತ್ತಡ, ಸಕ್ಕರೆ ನೋಡಿಸಿ. ಗೊರಕೆ ಜೋರಾಗಿದೆಯೇ ಎಂದು ಮನೆಯವರನ್ನು ಕೇಳಿ. ಕುಡಿತವಿದ್ದರೆ ಬಿಡಿ, ಪೆಟ್ಟು ತಿಂದ ಮಿದುಳಿಗೆ ಅದು ದುಬಾರಿ. ಖಿನ್ನತೆ ಸಿಟ್ಟಿನ ವೇಷದಲ್ಲೂ ಬರುತ್ತದೆ, ಹಾಗಾಗಿ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಬದುಕೇ ಬೇಡ ಎನ್ನಿಸುವ ಯೋಚನೆ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅಂದೇ ಹೋಗಿ.

ಪ್ರಶ್ನೆ: ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಕ, ಹಾಕಿ ಆಡಿಸುತ್ತೇನೆ. ಪೆಟ್ಟು ಬಿದ್ದ ಹುಡುಗರು ‘ಏನೂ ಆಗಿಲ್ಲ ಸರ್’ ಎನ್ನುತ್ತಾ ಮತ್ತೆ ಓಡುತ್ತಾರೆ. ನಿಜವೋ ಸುಳ್ಳೋ ಹೇಗೆ ತಿಳಿಯುವುದು? — ಮಡಿಕೇರಿ

ಹುಡುಗರು ಸುಳ್ಳು ಹೇಳುತ್ತಿಲ್ಲ ಮೇಷ್ಟ್ರೇ, ಅವರಿಗೇ ಗೊತ್ತಿರುವುದಿಲ್ಲ. ಕಾಲೇಜಿನಲ್ಲಿ ನಾನು ಫುಟ್‌ಬಾಲ್ ಗೋಲ್‌ಕೀಪರ್. ಒಮ್ಮೆ ಹಾರಿದಾಗ ಕಂಬಕ್ಕೆ ತಲೆ ತಾಗಿತು. ಎರಡು ಚೊಂಬು ತಣ್ಣೀರು ಹೊಯ್ದರು, ಹಣೆಗೆ ಅಮೃತಾಂಜನ್ ತಿಕ್ಕಿದರು, ನಿಲ್ಲಿಸಿದರು. ದ್ವಿತೀಯಾರ್ಧದಲ್ಲಿ ಪೆನಾಲ್ಟಿ ತಡೆದೆನಂತೆ. ಗೆಳೆಯರು ಇವತ್ತಿಗೂ ಆ ಕಥೆ ಹೇಳಿ ಚಪ್ಪಾಳೆ ತಟ್ಟುತ್ತಾರೆ. ನನಗೆ ನೆನಪಿರುವುದು ಕಂಬ. ಆಮೇಲೆ ಹಾಸ್ಟೆಲ್ಲಿನ ಸೊಳ್ಳೆಪರದೆ.

ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಎಂದುಕೊಳ್ಳಬೇಡಿ. ಹತ್ತರಲ್ಲಿ ಒಂಬತ್ತು ಸಲ ಪ್ರಜ್ಞೆ ತಪ್ಪುವುದಿಲ್ಲ. ‘ಹೇಗಿದ್ದೀಯಾ’ ಎಂದೂ ಕೇಳಬೇಡಿ. ‘ನಾವೀಗ ಯಾವ ಮೈದಾನದಲ್ಲಿದ್ದೇವೆ, ಕೊನೆಯ ಗೋಲು ಯಾರು ಹೊಡೆದರು, ಹಿಂದಿನ ಪಂದ್ಯ ಯಾರ ಮೇಲೆ, ಗೆದ್ದೆವಾ’ ಎಂದು ಕೇಳಿ. ಉತ್ತರ ತಡವರಿಸಿದರೆ, ನೋಟ ಎಲ್ಲೋ ಇದ್ದರೆ, ನಿಂತಲ್ಲಿ ತೂಗಿದರೆ ಆ ದಿನದ ಆಟ ಮುಗಿಯಿತು. ಉತ್ತರವೆಲ್ಲ ಸರಿಯಿದ್ದು ನಿಮಗೇ ಏನೋ ಸರಿಯಿಲ್ಲ ಅನ್ನಿಸಿದರೂ ಹೊರಗೆ ಕೂರಿಸಿ. ಮೊದಲ ಪೆಟ್ಟು ಮಾಯುವ ಮುನ್ನವೇ ಎರಡನೆಯದು ಬಿದ್ದು ಮಿದುಳು ಊದಿಕೊಂಡು ಸತ್ತ ಶಾಲಾ ಮಕ್ಕಳಿದ್ದಾರೆ. ಅಪರೂಪ, ನಿಜ. ಆದರೆ ಅದಕ್ಕೆ ಮದ್ದಿಲ್ಲ, ಬೆಂಚ್ ಒಂದೇ.

ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಒಂದು ಕೈಯೋ ಕಾಲೋ ಸೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಕುತ್ತಿಗೆ ಮೂಳೆಯ ನೋವು, ಎಬ್ಬಿಸಿದರೂ ಏಳದ ಮಂಪರು — ಇವುಗಳಲ್ಲಿ ಒಂದಿದ್ದರೂ ನೇರ ಆಸ್ಪತ್ರೆಗೆ. ಇಲ್ಲವಾದರೆ ಮಲಗಲಿ, ನಿದ್ದೆ ಕೆಡಿಸಬೇಕಿಲ್ಲ. ರಾತ್ರಿ ಪಕ್ಕದಲ್ಲಿ ದೊಡ್ಡವರೊಬ್ಬರಿರಲಿ. ಸಂಜೆ ಅವನ ಮನೆಗೆ ನೀವೇ ಫೋನ್ ಮಾಡಿ ತಿಳಿಸಿ. ಅವನಂತೂ ಹೇಳುವುದಿಲ್ಲ, ಭಾನುವಾರ ಇನ್ನೊಂದು ಪಂದ್ಯ ಇರುತ್ತದಲ್ಲ.