ಫೋನ್ ಎತ್ತದಿದ್ದರೆ ನಾನು ಮೋಸಗಾರ

ಪ್ರಶ್ನೆ: ಮೇಡಂ, ನನ್ನದು ಸಿರುಗುಪ್ಪ. ರೈಸ್ ಮಿಲ್ಲಿನಲ್ಲಿ ಕೆಲಸ. ಹೆಂಡತಿ ಬೆಳಗ್ಗೆ 'ನೀವೇ ನನ್ನ ದೇವರು' ಅಂತಾಳೆ. ಮಿಷನ್ ಸದ್ದಿಗೆ ಅವಳ ಫೋನ್ ಕೇಳಿಸದಿದ್ದರೆ ಸಂಜೆಗೆ ನಾನು ಮೋಸಗಾರ, ಬಿಟ್ಟು ಹೋಗುವವನು. ಎರಡು ಸಲ ಕೈ ಕುಯ್ದುಕೊಂಡಿದ್ದಾಳೆ. ಡಾಕ್ಟರ್ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅಂದರು. ಅವ್ವ ಮಾತ್ರ ಇದೆಲ್ಲ ನಾಟಕ ಅಂತಾಳೆ. ಏನು ಮಾಡಲಿ?

ಉತ್ತರ: ಇದು ನಾಟಕ ಅಲ್ಲ. ಮೊದಲು ಅವ್ವನಿಗೆ ತಿಳಿಸಿ ಹೇಳಿ. ತಮ್ಮವರು ಕೈಬಿಟ್ಟು ಹೋಗ್ತಾರೆ ಅನ್ನೋ ಹೆದರಿಕೆ ಈ ಕಾಯಿಲೆಯಲ್ಲಿ ಭಾಳ ಜಾಸ್ತಿ. ನೀವು ಒಂದು ಫೋನ್ ಎತ್ತಿಲ್ಲ ಅಷ್ಟೇ, ಆದರೆ ಆಕೆಗೆ ಆ ಹೊತ್ತಿನಲ್ಲಿ ನೀವು ಹೋಗಿಯೇ ಬಿಟ್ಟಿರಿ. ಆಗ 'ಲಾರಿ ಲೋಡ್ ಆಗ್ತಿತ್ತು, ಬೇಕಾದ್ರೆ ಹಮಾಲರನ್ನ ಕೇಳು' ಅಂತ ಸಾಕ್ಷಿ ಒಪ್ಪಿಸಿದರೆ ಜಗಳ ಬೆಳೆಯುತ್ತೆ. ಮಾಡದ ತಪ್ಪನ್ನು ಒಪ್ಪಬೇಕಿಲ್ಲ. 'ನಾನು ಎತ್ತದಿದ್ದಾಗ ಭಾಳ ಹೆದರಿಬಿಟ್ಟೆ ಅಲ್ವಾ' ಅನ್ನಿ, ಒಂದು ಲೋಟ ನೀರು ಕೊಟ್ಟು ಪಕ್ಕ ಕೂತುಕೊಳ್ಳಿ. ಮಿಕ್ಕ ಮಾತು ಆಮೇಲೆ.

'ಒಂದೂವರೆಗೆ ಊಟಕ್ಕೆ ಬಿಟ್ಟಾಗ ಫೋನ್ ಮಾಡ್ತೀನಿ, ನಡುವೆ ಎತ್ತೋಕೆ ಆಗಲ್ಲ' ಅಂತ ಬೆಳಗ್ಗೆಯೇ ಹೇಳಿ, ಆ ಹೊತ್ತಿಗೆ ಮಾಡಿ. ಕರೆದಾಗೆಲ್ಲ ಓಡಿ ಬರ್ತೀನಿ ಅಂತ ಸುಮ್ನೆ ಮಾತು ಕೊಡಬೇಡಿ, ಯಾಕಂದ್ರೆ ಅದು ನಡೆಯೋ ಮಾತಲ್ಲ, ತಪ್ಪಿದ ದಿನ ಆಕೆ ಹೆದರಿದ್ದೇ ನಿಜವಾದಂತಾಗುತ್ತೆ.

ಕೈ ಕುಯ್ದುಕೊಂಡಿದ್ದನ್ನು ಹಗುರಾಗಿ ತಗೋಬೇಡಿ. ಗದ್ದೆ ಇರುವ ಮನೆಗಳಲ್ಲಿ ಬೆಳೆಗೆ ಹೊಡೆಯೋ ಎಣ್ಣೆ ಬಾಟಲಿ ಬಚ್ಚಲ ಮೂಲೆಯಲ್ಲೇ ಇಟ್ಟಿರ್ತಾರೆ. ನಿಮ್ಮಲ್ಲೂ ಇದ್ದರೆ ಇವತ್ತೇ ಮನೆಯಿಂದ ಆಚೆ ಸಾಗಿಸಿ. ಸಾಯೋ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿ, ಕೇಳೋದರಿಂದ ಅದು ಹುಟ್ಟಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನಡುರಾತ್ರಿಯಲ್ಲೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ.

ಇದಕ್ಕೆ ಮಾತ್ರೆಗಿಂತ ಮಾತಿನ ಚಿಕಿತ್ಸೆಯೇ ಮುಖ್ಯ. ತಿಂಗಳುಗಟ್ಟಲೆ ಹಿಡಿಯುತ್ತೆ, ಆದರೆ ಎಷ್ಟೋ ಜನ ಸುಧಾರಿಸುತ್ತಾರೆ. ಈ ಕಾಯಿಲೆಗೆ ಕೊಡೋ ಡಿಬಿಟಿ ಅನ್ನೋ ಮಾತಿನ ಚಿಕಿತ್ಸೆ ರೂಪಿಸಿದ ಅಮೆರಿಕದ ಮಾರ್ಷಾ ಲೈನ್‌ಹನ್ ತಾವೂ ಹರೆಯದಲ್ಲಿ ಮೈಗೆ ಗಾಯ ಮಾಡಿಕೊಂಡು ಆಸ್ಪತ್ರೆ ಸೇರಿದ್ದವರು, 2011ರಲ್ಲಿ ಅದನ್ನು ಎಲ್ಲರೆದುರು ಹೇಳಿದರು. ಇದನ್ನು ನಿಮ್ಮ ಹೆಂಡತಿಗೆ ಹೇಳಿ. ಜನ ಏನಂತಾರೋ ಅನ್ನೋ ಅಳುಕೂ ಬೇಡ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್‌ನವರು 1985ರಲ್ಲಿ ಮೊದಲು ಮಾಡಿ ನೋಡಿದ್ದೇ ನಿಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಬೇರೆ ಕಡೆಗೆ ಹೋಗಿದ್ದು ಆಮೇಲೆ.

ನೀವೂ ದಣಿದಿದ್ದೀರಿ. ವಾರಕ್ಕೊಂದು ಸಂಜೆ ಗೆಳೆಯರ ಜೊತೆ ಚಹಾ ಕುಡಿಯೋಕೆ ಹೋಗಿ. ಎಷ್ಟೊತ್ತಿಗೆ ಬರ್ತೀನಿ ಅಂತ ಆಕೆಗೆ ಹೇಳಿ ಹೋಗಿ.