ಆ್ಯಂಟಿಆಕ್ಸಿಡೆಂಟ್ ಮಾತ್ರೆ ತಗೊಂಡ್ರೆ ಮಗು ಆಗುತ್ತಾ?

ಪ್ರಶ್ನೆ: ಮೇಡಂ, ನನಗೆ 34, ಹೆಂಡತಿಗೆ 31. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿಲ್ಲ. ಅಮ್ಮ ಅವಳನ್ನೇ ಬೈಯುತ್ತಾರೆ. ಅವಳ ಟೆಸ್ಟ್ ಎಲ್ಲ ಸರಿಯಿದೆ. ನನ್ನ ವೀರ್ಯಾಣು ಕೌಂಟ್ ಮಿಲಿಲೀಟರಿಗೆ 90 ಲಕ್ಷ ಬಂದಿದೆ. ಎಡಗಡೆ ವೃಷಣದ ಮೇಲೆ ನರ ಉಬ್ಬಿದ್ದು ಕೈಗೆ ಸಿಗುತ್ತದೆ. ಬೇಕರಿಯಲ್ಲಿ ಭಟ್ಟಿ ಮುಂದೆ ಕೆಲಸ, ಬೀಡಿ ಚಟವಿದೆ. ಮೆಡಿಕಲ್ ಶಾಪಿನವರು ಆ್ಯಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟಿದ್ದಾರೆ, ತಿಂಗಳಿಗೆ ಒಂದೂವರೆ ಸಾವಿರ. ಮುಂದುವರಿಸಲಾ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಅಮ್ಮನಿಗೆ ನಿಮ್ಮ ರಿಪೋರ್ಟ್ ವಿಷಯ ನೀವೇ ಬಾಯಿಬಿಟ್ಟು ಹೇಳಿ. ಆ ಹೆಣ್ಣುಮಗಳು ಇನ್ನು ಒಂದು ದಿನವೂ ಬೈಸಿಕೊಳ್ಳಬಾರದು.

ಮಾತ್ರೆಯ ದುಡ್ಡು ಉಳಿಸಿ, ಯೂರಾಲಜಿಸ್ಟ್ (ಮೂತ್ರಾಂಗ ಮತ್ತು ಗಂಡಸರ ಜನನಾಂಗದ ತಜ್ಞರು) ಹತ್ತಿರ ಹೋಗಿ. ಆ ಉಬ್ಬಿಗೆ ವೆರಿಕೋಸೀಲ್ ಅನ್ನುತ್ತೇವೆ. ಕಾಲಲ್ಲಿ ಕಾಣುವ ಉಬ್ಬುನರದ ಥರದ್ದೇ. ಎಡಗಡೆಯೇ ಜಾಸ್ತಿ, ಯಾಕಂದರೆ ಆ ಕಡೆಯ ರಕ್ತನಾಳ ಉದ್ದ, ನೇರ ಮೇಲೇರಿ ಕಿಡ್ನಿಯ ರಕ್ತನಾಳಕ್ಕೆ ಸೇರುತ್ತದೆ. ಒಳಗಿನ ಕವಾಟ ಸಡಿಲವಾದರೆ ರಕ್ತ ಕೆಳಗೇ ನಿಲ್ಲುತ್ತದೆ. ವೃಷಣ ಮೈಗಿಂತ ಎರಡು-ಮೂರು ಡಿಗ್ರಿ ತಂಪಾಗಿರಬೇಕು. ನಿಂತ ರಕ್ತ ಅದನ್ನು ಬಿಸಿ ಮಾಡುತ್ತದೆ. ಆಗ ಫ್ರೀ ರಾಡಿಕಲ್ ಅನ್ನುವ, ಜೀವಕೋಶಗಳಿಗೆ ಹಾನಿ ಮಾಡುವ ಕಣಗಳು ಹೆಚ್ಚಿ ವೀರ್ಯಾಣುವಿನ ಹೊರಪೊರೆಯನ್ನೂ ಡಿಎನ್‌ಎಯನ್ನೂ ಕೆಡಿಸುತ್ತವೆ. ಭಟ್ಟಿಯ ಕಾವು, ಬೀಡಿಯ ಹೊಗೆ ಎರಡೂ ಇದರ ಜೊತೆಗೆ ಸೇರುತ್ತವೆ.

ಆ್ಯಂಟಿಆಕ್ಸಿಡೆಂಟ್ ಅಂದರೆ ಈ ಫ್ರೀ ರಾಡಿಕಲ್‌ಗಳನ್ನು ತಣಿಸುವ ವಸ್ತು, ಹಾಗಾಗಿ ಅದು ಇದನ್ನು ತಡೆಯಬೇಕಲ್ವಾ ಅನ್ನಿಸುತ್ತದೆ. ಅಮೆರಿಕದಲ್ಲಿ ಚಿಕಿತ್ಸೆಗೆ ಬಂದ 2,370 ದಂಪತಿಗಳಲ್ಲಿ ಇದನ್ನು ಪರೀಕ್ಷಿಸಿದರು. ಅರ್ಧ ಗಂಡಸರಿಗೆ ಆರು ತಿಂಗಳು ಸತು ಮತ್ತು ಫೋಲಿಕ್ ಆಮ್ಲ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. 2020ರಲ್ಲಿ ಫಲಿತಾಂಶ ಬಂತು. ಮಗು ಹುಟ್ಟುವುದರಲ್ಲಿ ವ್ಯತ್ಯಾಸವೇ ಇರಲಿಲ್ಲ. ಔಷಧ ತಗೊಂಡವರಿಗೆ ಹೊಟ್ಟೆನೋವು, ವಾಕರಿಕೆ ಜಾಸ್ತಿಯಾಗಿತ್ತು. ನೆಲ್ಲಿಕಾಯಿ, ಪೇರಲ, ಸೊಪ್ಪು, ಶೇಂಗಾ ಚೆನ್ನಾಗಿ ತಿನ್ನಿ, ಸಾಕು.

ಉಬ್ಬು ಸ್ಕ್ಯಾನಿಂಗ್‌ನಲ್ಲಿ ಮಾತ್ರ ಕಂಡಿದ್ದರೆ ಆಪರೇಷನ್ ಬೇಡ ಅನ್ನುತ್ತಿದ್ದೆ. ನಿಮ್ಮದು ಕೈಗೇ ಸಿಗುತ್ತದೆ, ಕೌಂಟೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಕೆಳಮಿತಿ 1 ಕೋಟಿ 60 ಲಕ್ಷ. ಹಾಗಾಗಿ ಆ ನರ ಕಟ್ಟುವ ಸಣ್ಣ ಆಪರೇಷನ್ ಬಗ್ಗೆ ಡಾಕ್ಟರನ್ನು ಕೇಳಿ. ಆದರೆ ಒಂದೇ ಟೆಸ್ಟ್ ನಂಬಿ ತೀರ್ಮಾನ ಬೇಡ, ಇನ್ನೊಮ್ಮೆ ಮಾಡಿಸಿ. ಬೀಡಿ ಇವತ್ತೇ ಬಿಡಿ, ಅದು ಹೃದಯದ ರಕ್ತನಾಳವನ್ನೂ ಕೆಡಿಸುತ್ತದೆ. ಮಾಲೀಕರನ್ನು ಕೇಳಿ ಕೌಂಟರ್‌ಗೋ ಪ್ಯಾಕಿಂಗ್‌ಗೋ ಹೋಗಿ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ಈ ಬದಲಾವಣೆಗಳ ಫಲ ನೋಡಲು ಮೂರು ತಿಂಗಳ ನಂತರ ಮತ್ತೆ ಟೆಸ್ಟ್ ಮಾಡಿಸಿ.