ಮಕ್ಕಳ ಗದ್ದಲ ಕಡಿಮೆ ಇರುವ ಕ್ರೂಸ್ ಆರಿಸುವುದು ಹೇಗೆ?

ಬೆಳಗಾವಿಯಲ್ಲಿರುವ ನಿವೃತ್ತ ತಂದೆ-ತಾಯಿಯರನ್ನು ಮುಂಬೈಯಿಂದ ಹೊರಡುವ ಕ್ರೂಸ್‌ಗೆ ಕಳುಹಿಸಬೇಕೆಂದಿದ್ದೀರಿ. ಹಡಗಿನಲ್ಲಿ ಎಷ್ಟು ಮಕ್ಕಳಿರುತ್ತಾರೆಂದು ಮೊದಲೇ ತಿಳಿಯುವುದೇ ಎಂಬುದು ನಿಮ್ಮ ಪ್ರಶ್ನೆ.

ಕಂಪನಿಗಳು ಸಾಮಾನ್ಯವಾಗಿ ಆ ಸಂಖ್ಯೆಯನ್ನು ಪ್ರಕಟಿಸುವುದಿಲ್ಲವಾದ್ದರಿಂದ ದಿನಾಂಕವನ್ನೇ ನೋಡಿ ಅಂದಾಜು ಮಾಡಬೇಕು. ಇಲ್ಲಿ ನಮ್ಮವರು ಎಡವುವುದುಂಟು: ನಮ್ಮ ಶಾಲೆಗಳು ಜೂನ್ ಆರಂಭದ ಹೊತ್ತಿಗೆ ತೆರೆದರೂ ಮಹಾರಾಷ್ಟ್ರದ ಬಹುತೇಕ ಶಾಲೆಗಳ ರಜೆ ಜೂನ್ ಮಧ್ಯದವರೆಗೆ ಇರುತ್ತದೆ, ನಮಗೆ ದಸರಾ ರಜೆಯಾದರೆ ಅವರಿಗೆ ದೀಪಾವಳಿ ರಜೆ ದೊಡ್ಡದು, ಆದ್ದರಿಂದ ಹಡಗು ಹೊರಡುವ ಊರಿನ ಶಾಲಾ ವೇಳಾಪಟ್ಟಿಯನ್ನು ನೋಡಿರಿ. ಪರೀಕ್ಷೆಗಳು ಹತ್ತಿರವಾಗುವ ಫೆಬ್ರುವರಿ ನನ್ನ ಮೊದಲ ಆಯ್ಕೆ, ಆಗ ಅರಬ್ಬೀ ಸಮುದ್ರವೂ ಶಾಂತವಾಗಿರುತ್ತದೆ. ವಾರಾಂತ್ಯದ ಎರಡು ರಾತ್ರಿಗಳ ಗೋವಾ ಪ್ರಯಾಣವನ್ನು ಬಿಟ್ಟುಬಿಡಿ. ಅಲ್ಲಿ ಮಕ್ಕಳಿಲ್ಲದಿದ್ದರೂ ಡಿಜೆ ಇರುತ್ತದೆ.

ಮಕ್ಕಳೇ ಬೇಡವೆಂದರೆ ವಿದೇಶಕ್ಕೆ ಹೋಗಬೇಕು. ವರ್ಜಿನ್ ವಾಯೇಜಸ್ ಮತ್ತು ವೈಕಿಂಗ್ ಎಂಬ ಕ್ರೂಸ್ ಕಂಪನಿಗಳ ಸಮುದ್ರಯಾನಗಳಲ್ಲಿ 18 ವರ್ಷಕ್ಕಿಂತ ಕಿರಿಯರಿಗೆ ಪ್ರವೇಶವಿಲ್ಲ. ರಾಯಲ್ ಕೆರಿಬಿಯನ್ ಕುಟುಂಬಗಳ ಮೆಚ್ಚಿನ ಕಂಪನಿಯಾದರೂ ಅದರ ಹಲವು ಹಡಗುಗಳಲ್ಲಿ ಸೋಲೇರಿಯಮ್ ಎಂಬ, 16 ವರ್ಷ ತುಂಬಿದವರಿಗೆ ಮಾತ್ರ ಮೀಸಲಾದ ವಿಶ್ರಾಂತಿ ತಾಣವಿದೆ. ಎರಡು ವಾರ ಮೀರಿದ ಪ್ರಯಾಣಗಳಲ್ಲಿ, ಶಾಲೆ ಬಿಡಿಸಿ ಕರೆತರುವುದು ಕಷ್ಟವಾದ್ದರಿಂದ, ಮಕ್ಕಳು ತಾವಾಗಿಯೇ ವಿರಳ.

ಕೋಣೆ ಕಾದಿರಿಸುವ ಮುನ್ನ ಹಡಗಿನ ನಕ್ಷೆ ನೋಡಿರಿ. ಈಜುಕೊಳದ ಅಂತಸ್ತಿನ ನೇರ ಕೆಳಗಿನ ಕೋಣೆ ಸಿಕ್ಕರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು ತಲೆಯ ಮೇಲೆ ಕೇಳುತ್ತದೆ. ಊಟಕ್ಕೆ ಎರಡು ಸರದಿಗಳಿದ್ದರೆ ತಡವಾದದ್ದನ್ನು ಆರಿಸಿರಿ, ಏಕೆಂದರೆ ಚಿಕ್ಕ ಮಕ್ಕಳಿರುವವರು ಹೆಚ್ಚಾಗಿ ಮೊದಲ ಸರದಿಗೇ ಬಂದು ಹೋಗುತ್ತಾರೆ.